ನಾಲ್ಕನೇ ಹಾಳೆಯ ಕೊನೆಯ ಸಾಲು

ಮಾರ್ಚ್ ೪

ಕಾನೂನು ವಿಭಾಗದ ಮುಖ್ಯಸ್ಥರಿಗೆ,
ಪೆನ್ಸಿಲ್ ಕಾರ್ಖಾನೆ.

ಮಾನ್ಯರೇ,

ನಿನ್ನೆ, ಮಾರ್ಚ್ ಮೂರನೇ ತಾರೀಖು ಸೋಮವಾರ ಬೆಳಗ್ಗೆ ಏಳು ಗಂಟೆಗೆ, ನಿಮ್ಮ ಕಾರ್ಖಾನೆಯವರು ಪೆನ್ಸಿಲ್ ಓಣಿಯ ಎರಡೂ ತುದಿಗೆ ಕಬ್ಬಿಣದ ಗೇಟು ನಿಲ್ಲಿಸಿ ಬೀಗ ಜಡಿದಿದ್ದಾರೆ. ಊರಿನವರನ್ನು ಕೇಳಲಿಲ್ಲ, ಒಂದು ಚೀಟಿ ಅಂಟಿಸಲಿಲ್ಲ. ಗೇಟಿನ ಮುಂದೆ ನಿಂತಿದ್ದ ಕಾವಲಿನವನು ನನಗೆ ಹೇಳಿದ್ದು ಇಷ್ಟು: "ಮೇಲಿನೋರ ಆರ್ಡರು ಸಾರ್. ಸುತ್ತು ಹಾಕ್ಕೊಂಡು ಹೋಗಿ."

ಸುತ್ತು ಎಂದರೆ ಎಷ್ಟು ಎಂಬುದು ಮೇಲಿನವರಿಗೆ ಗೊತ್ತಿಲ್ಲದಿರಬಹುದು, ಹೇಳುತ್ತೇನೆ. ಓಣಿಯಲ್ಲಿ ನಮ್ಮ ಬೀದಿಯಿಂದ ಆಸ್ಪತ್ರೆಗೆ ಐದು ನಿಮಿಷ. ಸುತ್ತು ಹಾಕಿದರೆ ಅರ್ಧ ಗಂಟೆ, ಅದೂ ಲಾರಿಗಳ ರಸ್ತೆಯ ಅಂಚಿನಲ್ಲಿ. ವಾರಕ್ಕೆ ಎರಡು ದಿನ ಡಯಾಲಿಸಿಸ್‌ಗೆ ಹೋಗುವ ನನ್ನ ಅಕ್ಕ ನಿನ್ನೆ ಅರ್ಧ ದಾರಿಯಲ್ಲಿ ನಿಮ್ಮ ಕಾಂಪೌಂಡಿನ ಬುಡದಲ್ಲಿ ನೆಲದ ಮೇಲೆ ಕೂತಳು. ಎಪ್ಪತ್ತೆಂಟು ವರ್ಷದವಳು. ಅದೇ ಆಸ್ಪತ್ರೆಯಲ್ಲಿ ಮೂವತ್ತಾರು ವರ್ಷ ನರ್ಸಾಗಿದ್ದವಳು. ಅಷ್ಟೂ ವರ್ಷ ಅವಳು ಡ್ಯೂಟಿಗೆ ಹೋಗಿಬಂದದ್ದು ಆ ಓಣಿಯಲ್ಲೇ.

ಐವತ್ತೆರಡು ವರ್ಷದಿಂದ ಆ ಓಣಿ ತೆರೆದಿದೆ. ನನ್ನ ನೆನಪು ಚೆನ್ನಾಗಿದೆ. ಗಡಿಯಾರ ಗೋಪುರದ ಗಡಿಯಾರವನ್ನು ರಿಪೇರಿಗೆಂದು ಇಳಿಸಿದ ದಿನ ನೆನಪಿದೆ, ಅದು ಮರಳಿ ಬರಲಿಲ್ಲ. ಸಾರ್ವಜನಿಕ ವಾಚನಾಲಯವನ್ನು ಸುಣ್ಣ ಬಳಿಯಲೆಂದು ಮುಚ್ಚಿದ ವಾರ ನೆನಪಿದೆ, ಅಲ್ಲಿ ಈಗ ವಾಹನ ನಿಲ್ಲಿಸುತ್ತಾರೆ. ಈ ಊರಿನಲ್ಲಿ ತಾತ್ಕಾಲಿಕವಾಗಿ ಮುಚ್ಚಿದ್ದು ಯಾವುದೂ ತೆರೆದಿಲ್ಲ. ಆದ್ದರಿಂದ ಮರುದಿನವೇ ಬರೆಯುತ್ತಿದ್ದೇನೆ.

ಯಾವ ಕಾಗದದ ಬಲದ ಮೇಲೆ ಮುಚ್ಚಿದಿರಿ? ತಿಳಿಸಿ.

ಇಂತಿ,
ಓಣಿಯ ಪಕ್ಕದ ಮನೆಯ ನಿವೃತ್ತ ವಕೀಲ

*

ಮಾರ್ಚ್ ೧೧

ಮಾನ್ಯರೇ,

ತಮ್ಮ ಮಾರ್ಚ್ ೪ರ ಪತ್ರ ತಲುಪಿದೆ. ಪುರಸಭೆಯೊಂದಿಗೆ ಕಂಪನಿಯು ಮಾಡಿಕೊಂಡಿರುವ ಪ್ರಸ್ತುತ ಗುತ್ತಿಗೆ ಪತ್ರದಲ್ಲಿ, ಸದರಿ ಓಣಿಯನ್ನು ಸಾರ್ವಜನಿಕರಿಗೆ ತೆರೆದಿಡಬೇಕೆಂಬ ಷರತ್ತು ಇರುವುದಿಲ್ಲ. ಲಾರಿಗಳ ಓಡಾಟ ಹೆಚ್ಚಿರುವುದರಿಂದ ಸುರಕ್ಷತೆಯ ಕಾರಣಕ್ಕೆ ಓಣಿಯನ್ನು ಮುಚ್ಚಲಾಗಿದೆ.

ತಮ್ಮ ವಿಶ್ವಾಸಿ,
ಮುಖ್ಯಸ್ಥೆ, ಕಾನೂನು ವಿಭಾಗ

*

ಮಾರ್ಚ್ ೧೧

ಸರ್,

ಕಂಪನಿಯ ಪತ್ರ ಬೇರೆ ಲಕೋಟೆಯಲ್ಲಿ ಬರುತ್ತಿದೆ. ಇದು ನನ್ನದು, ನನ್ನ ಕೈಬರಹದ್ದು, ನನ್ನ ಅಂಚೆಚೀಟಿ ಹಚ್ಚಿದ್ದು.

ಮೂರು ವರ್ಷ ನಾಲ್ಕು ತಿಂಗಳಾದ ಮೇಲೆ ನಿಮ್ಮ ಅಕ್ಷರ ನೋಡಿದೆ. ನೀವು "ಮಾನ್ಯರೇ" ಎಂದು ಶುರು ಮಾಡಿದ್ದೀರಿ. ಇಲ್ಲಿ ಯಾರು ಕೂತಿದ್ದಾರೆಂದು ನಿಮಗೆ ಗೊತ್ತಿಲ್ಲ ಎಂದು ನಾನು ನಂಬಬೇಕೇ? ನಮ್ಮ ವಕೀಲರ ಫರ್ಮು ಬಿಟ್ಟು ಇಲ್ಲಿಗೆ ಹೊರಟಾಗ, ನನ್ನ ಬೀಳ್ಕೊಡುಗೆಯ ದಿನ ನೀವು ಬರಲಿಲ್ಲ. ಎರಡನೇ ಮಹಡಿಯವರೆಲ್ಲ ನಿಂತಿದ್ದರು, ಟೈಪಿಸ್ಟಮ್ಮ ಕೂಡ ಮೆಟ್ಟಿಲಿಳಿದು ಬಂದಿದ್ದರು. "ಎಲ್ಲಮ್ಮಾ ನಿಮ್ಮ ಪೂರ್ಣವಿರಾಮ?" ಎಂದು ಕೇಳಿದರು. ನಿಮಗೆ ಆ ಅಡ್ಡಹೆಸರು ಗೊತ್ತಿತ್ತು ಅಂದುಕೊಳ್ಳುತ್ತೇನೆ. ಪ್ರತಿ ಕರಡಿನಲ್ಲೂ ನಮ್ಮ ಪೂರ್ಣವಿರಾಮಗಳ ಮೇಲೆ ಅಷ್ಟು ಒತ್ತಿ ಚುಕ್ಕೆ ಇಡುತ್ತಿದ್ದಿರಿ, ಹಾಳೆ ತೂತಾಗುತ್ತಿತ್ತು.

ಕೆಲಸ ಬಿಡುತ್ತೇನೆ ಎಂದು ಹೇಳಿದ ದಿನ, ಒಂದೇ ಕಕ್ಷಿದಾರನ ಊಳಿಗಕ್ಕೆ ಹೋಗುತ್ತಿದ್ದೀಯ ಎಂದು ಅಂದಿರಿ. ಅದಕ್ಕೆ ಉತ್ತರ ಈಗ ಕೊಡುತ್ತೇನೆ.

ಕಟ್ಟಿಗೆ ಧೂಳಿನ ಪ್ರಕರಣ ನೆನಪಿದೆಯೇ? ನಾವಿಬ್ಬರೂ ಸೇರಿ ಈ ಕಾರ್ಖಾನೆಗೆ ನಲವತ್ತು ಪುಟದ ಅಭಿಪ್ರಾಯ ಬರೆದುಕೊಟ್ಟೆವು. ಕತ್ತರಿಸುವ ವಿಭಾಗದಲ್ಲಿ ಧೂಳೆಳೆಯುವ ಫ್ಯಾನು ಹಾಕಲೇಬೇಕು ಎಂದೆವು. ನೀವು ಮೆಚ್ಚಿಕೊಂಡಿರಿ. ಒಂದು ವರ್ಷದ ನಂತರ ಯಾವುದೋ ಸಹಿ ಹಾಕಿಸಲು ನಾನು ಇಲ್ಲಿಗೆ ಬಂದೆ. ಕತ್ತರಿಸುವ ವಿಭಾಗದ ಹೆಂಗಸೊಬ್ಬರು ಕೆಮ್ಮುತ್ತಾ ಕೇಳಿದರು: "ಆ ದಪ್ಪ ಕಾಗದ ಬರೆದೋರು ನೀವೇನಾ? ಚೆನ್ನಾಗಿದೆ ಅಂತ ಎಲ್ರೂ ಹೇಳ್ತಾರೆ. ಫ್ಯಾನು ಯಾವಾಗ ಬರುತ್ತೆ?" ನಮ್ಮ ಅಭಿಪ್ರಾಯ ಯಾರದೋ ಮೇಜಿನ ಮೇಲೆ ಬೆಚ್ಚಗಿತ್ತು, ಸರ್. ಫರ್ಮಿನಲ್ಲಿ ನಾನು ಅರವತ್ತು ಕಂಪನಿಗಳ ವಕೀಲೆಯಾಗಿದ್ದೆ, ಒಂದರ ಒಳಬಾಗಿಲನ್ನೂ ನೋಡಿರಲಿಲ್ಲ. ಬರೆದು, ಓದಿ, ಸಹಿ ಹಾಕಿ ಕಳಿಸಿದರೆ ನಮ್ಮ ಪಾಲಿಗೆ ಮುಗಿಯಿತು. ಇಲ್ಲಿ ಮುಗಿಯುವುದೇ ಇಲ್ಲ. ನಾನು ಹೇಳಿದ ಮಾತು ಮರುದಿನ ಬೆಳಗ್ಗೆ ನನ್ನೆದುರೇ ಕೂತು ಟೀ ಕುಡಿಯುತ್ತದೆ.

ನನ್ನ ಕೋಣೆ ಪ್ಯಾಕಿಂಗ್ ವಿಭಾಗದ ಪಕ್ಕದ್ದು. ಫರ್ಮಿನಲ್ಲಿದ್ದಂತೆ ಗ್ರಂಥಾಲಯ ಇಲ್ಲ, ಮೇಲಿನ ಪುಸ್ತಕಕ್ಕೆ ಹತ್ತುವ ಏಣಿ ಇಲ್ಲ, ಒಂದು ಕಬ್ಬಿಣದ ಬೀರು ಇದೆ. ದಿನಕ್ಕೆ ಹತ್ತು ಸಲ ಯಾರಾದರೂ ಬಾಗಿಲಲ್ಲಿ ನಿಂತು "ಮೇಡಂ, ಒಂದ್ ನಿಮಿಷ, ಇದು ಮಾಡಬಹುದಾ?" ಎನ್ನುತ್ತಾರೆ. ನಲವತ್ತು ಪುಟದ ಉತ್ತರ ಅವರಿಗೆ ಬೇಡ. ಹೌದು ಅಥವಾ ಇಲ್ಲ, ನಿಂತಲ್ಲೇ. ಮೊದಲ ಆರು ತಿಂಗಳು ನಾನು ಕೊಟ್ಟ ಪ್ರತಿ ಉತ್ತರವನ್ನೂ ರಾತ್ರಿ ಮನೆಯಲ್ಲಿ ಪುಸ್ತಕ ತೆಗೆದು ನೋಡುತ್ತಿದ್ದೆ.

ಫ್ಯಾನುಗಳು ಈಗ ತಿರುಗುತ್ತಿವೆ. ನನ್ನ ಕೋಣೆಗೆ ಕೇಳಿಸುತ್ತದೆ.

ಓಣಿಯ ಬಗ್ಗೆ ಈ ಪತ್ರದಲ್ಲಿ ಏನೂ ಬರೆಯುವುದಿಲ್ಲ. ಕಂಪನಿಯ ಪತ್ರದಲ್ಲಿ ಬರೆದದ್ದನ್ನು ನೀವು ಯಾವತ್ತಿನ ಹಾಗೆ ಓದಿ. ಅಕ್ಕನವರಿಗೆ ನಮಸ್ಕಾರ ತಿಳಿಸಿ. ಅವರು ನೆಲದ ಮೇಲೆ ಕೂತರು ಎಂಬ ಸಾಲನ್ನು ನಾನು ಎರಡನೇ ಸಲ ಓದಲಾರದೆ ಹೋದೆ.

ಇಂತಿ ನಿಮ್ಮ,
ಗಿಣಿ

*

ಮಾರ್ಚ್ ೨೩

ಗಿಣಿ,

ನಿನ್ನ ಪತ್ರವನ್ನು ಹತ್ತು ದಿನ ಮೇಜಿನ ಮೇಲೆ ಇಟ್ಟುಕೊಂಡೆ. ಅಕ್ಕ ಬೈದಳು. "ಆ ಹುಡುಗಿ ಬರೆದಿದಾಳೆ, ನೀನು ಮುಖ ಊದಿಸ್ಕೊಂಡು ಕೂತಿದೀಯ. ಮೂರು ವರ್ಷದಿಂದ ಊದಿಸ್ಕೊಂಡಿದ್ದು ಸಾಕಾಗ್ಲಿಲ್ವೇನೋ ತಮ್ಮಾ? ಕೆನ್ನೆ ನೋವಾಗಲ್ವಾ?" ಎಂದಳು.

ಅಡ್ಡಹೆಸರು ಗೊತ್ತಿತ್ತು. ಅದನ್ನು ಇಟ್ಟವಳು ಟೈಪಿಸ್ಟಮ್ಮ ಎಂಬುದೂ ಗೊತ್ತಿತ್ತು.

ನಿನಗೆ ಗಿಣಿ ಎಂದು ಹೆಸರಿಟ್ಟವನು ನಾನು. ನೀನು ಕೆಲಸಕ್ಕೆ ಸೇರಿದ ಮೊದಲ ವಾರ ಮೂರನೇ ಮಹಡಿಯ ಉದ್ದದ ಮೇಜಿಗೆ ನಿನ್ನನ್ನು ಕರೆದು ಕೂರಿಸಿದೆ. ಜೋಡಿ ಓದು ಎಂದರೇನು ಎಂದು ನಿನಗೆ ಗೊತ್ತಿರಲಿಲ್ಲ. ಹಳೆಯ ಪತ್ರವನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಹೊಸದಾಗಿ ಟೈಪಾದ ಪ್ರತಿಯ ಮೇಲೆ ಇನ್ನೊಬ್ಬರು ಸ್ಕೇಲು ಇಟ್ಟು ಸಾಲು ಸಾಲಾಗಿ ಇಳಿಯಬೇಕು. ನೀನು "ಅಲ್ಪವಿರಾಮ", "ಪೂರ್ಣವಿರಾಮ", "ಹೊಸ ಪ್ಯಾರಾ" ಎಂದು ಉಸಿರು ಬಿಡದೆ ಹೇಳುತ್ತಾ ಹೋದೆ. ಮೂವತ್ತೊಂದು ಪುಟ. ಪಕ್ಕದ ಕೋಣೆಯಲ್ಲಿದ್ದ ಇಬ್ಬರು ಪಾಲುದಾರರು ಬಾಗಿಲಿಗೆ ಬಂದು ನಿಂತು ಕೇಳಿದರು. ಗುತ್ತಿಗೆ ಪತ್ರ ಅಷ್ಟು ಇಂಪಾಗಿರುತ್ತದೆ ಎಂದು ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಾಳೆ ಮಗುಚುವಾಗ ನಾನು ಮೇಜಿನ ಮೇಲೆ ಪೆನ್ಸಿಲ್ ತಟ್ಟಿ "ಕೊನೆಯ ಸಾಲು?" ಎಂದು ಕೇಳುತ್ತಿದ್ದೆ. ನೀನು ಆ ಹಾಳೆಯ ಕೊನೆಯ ಸಾಲನ್ನು ಮತ್ತೊಮ್ಮೆ ಓದಬೇಕು. ನಿನಗೆ ಸಿಟ್ಟು ಬರುತ್ತಿತ್ತು. "ಸರ್, ಈಗ ತಾನೆ ಓದಿದೆನಲ್ಲ!" ಎನ್ನುತ್ತಿದ್ದೆ. ಹಳೆಯ ಕಾಗದಗಳ ಕೆಳತುದಿ ಮಡಚಿಕೊಳ್ಳುತ್ತದೆ, ಗೆದ್ದಲು ತಿನ್ನುತ್ತದೆ, ಟೈಪಿಸ್ಟಿನ ಕಣ್ಣು ಅಲ್ಲೇ ಜಾರುತ್ತದೆ. ಅದಕ್ಕೇ ಆ ಪದ್ಧತಿ. ನನ್ನ ಸೀನಿಯರ್ ನನಗೆ ಕಲಿಸಿದ್ದು, ನಾನು ನಿನಗೆ. ಮೇಜಿನ ನನ್ನ ಕಡೆಯ ಅಂಚಿನಲ್ಲಿ ಮೂವತ್ತೈದು ವರ್ಷದ ಗುಳಿಗಳಿವೆ.

ನನ್ನ ಕುರ್ಚಿ ನಿನಗೆ ಎಂದು ಪಾಲುದಾರರ ಸಭೆಯಲ್ಲಿ ಮಾತಾಡಿ ಇಟ್ಟಿದ್ದೆ. ನಿನಗೆ ಹೇಳಿರಲಿಲ್ಲ. ಅದೂ ಬೀಳ್ಕೊಡುಗೆಗೆ ಬಾರದಿದ್ದುದಕ್ಕೆ ಒಂದು ಕಾರಣ. ಉಳಿದದ್ದು ಬರಿಯ ಹೊಟ್ಟೆಉರಿ.

ಧೂಳಿನ ಮಾತು ಓದಿ ನನಗೆ ನಾಚಿಕೆಯಾಯಿತು. ಫ್ಯಾನು ಬಂದಿತೋ ಇಲ್ಲವೋ ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ಇನ್ನು ಓಣಿ. "ಪ್ರಸ್ತುತ ಗುತ್ತಿಗೆ ಪತ್ರದಲ್ಲಿ" ಎಂದು ಬರೆದಿದ್ದೀಯ. ನೀನು ಬೇಡದ ಪದವನ್ನು ಎಂದೂ ಬರೆದವಳಲ್ಲ. ಹಳೆಯ ಗುತ್ತಿಗೆ ಪತ್ರ ನಾನು ಜೂನಿಯರ್ ಆಗಿ ಓದಿದ ಮೊದಲ ಪತ್ರ. ಓಣಿಯ ಷರತ್ತು ಅದರಲ್ಲಿತ್ತು ಎಂದು ಎದೆ ಮುಟ್ಟಿಕೊಂಡು ಹೇಳಬಲ್ಲೆ. ಆದರೆ ನನ್ನ ನೆನಪು ಸಾಕ್ಷಿಯಲ್ಲ. ಎರಡೂ ಪತ್ರ ನೋಂದಣಿಯಾಗಿವೆ, ಯಾರು ಬೇಕಾದರೂ ನಕಲು ಕೇಳಬಹುದು. ನಾಳೆ ನೋಂದಣಿ ಕಚೇರಿಗೆ ಹೋಗುತ್ತೇನೆ.

ಇಂತಿ,
ಪೂರ್ಣವಿರಾಮ

*

ಏಪ್ರಿಲ್ ೧೬

ಗಿಣಿ,

ನೋಂದಣಿ ಕಚೇರಿಯಲ್ಲಿ ನಾಲ್ಕು ಸಲ ಸಾಲಿನಲ್ಲಿ ನಿಂತೆ. ಮೂರನೇ ಸಲ ಕಿಟಕಿಯ ಹಿಂದಿನ ಹೆಂಗಸು, "ಅಜ್ಜಾರೆ, ಇಷ್ಟು ಹಳೇದು ಯಾಕೆ ನಿಮಗೆ? ಆಸ್ತಿ ಪಾಲಾ?" ಎಂದು ಕೇಳಿದಳು. "ಅಲ್ಲಮ್ಮ, ದಾರಿ" ಎಂದೆ. ಅವಳಿಗೇನು ಅರ್ಥವಾಯಿತೋ, ನಾಲ್ಕನೇ ಸಲ ಎರಡೂ ನಕಲು ಕೈಗಿಟ್ಟಳು.

ಜೋಡಿ ಓದಿಗೆ ಜೋಡಿ ಬೇಕಲ್ಲ. ಅಕ್ಕನನ್ನು ಕೂರಿಸಿದೆ. ಕನ್ನಡಕ ಏರಿಸಿಕೊಂಡು ಹಳೆಯ ಪತ್ರ ಓದಲು ಶುರು ಮಾಡಿದಳು. "ಮತ್ತು ಗುತ್ತಿಗೆದಾರರು, ಮತ್ತು ಗುತ್ತಿಗೆದಾರರು... ಇವರಿಗೆ ಬೇರೆ ಮಾತೇ ಬರಲ್ವೇನೋ? ನಮ್ಮ ವಾರ್ಡಿನಲ್ಲಿ ಹೀಗೆ ಬರೆದಿದ್ರೆ ರೋಗಿ ಸತ್ತೇ ಹೋಗ್ತಿದ್ದ" ಎಂದಳು. ಆ ಕಾಲದ ಪತ್ರಗಳಲ್ಲಿ ಷರತ್ತುಗಳಿಗೆ ಸಂಖ್ಯೆ ಹಾಕುತ್ತಿರಲಿಲ್ಲ, ನಿನಗೆ ಗೊತ್ತು. ಒಂದು ಬಿಟ್ಟುಹೋದರೂ ಸಂಖ್ಯೆ ತಪ್ಪಿ ಗೊತ್ತಾಗುವುದಿಲ್ಲ.

ನಾನು ಹೊಸ ಪತ್ರದ ಮೇಲೆ ಸ್ಕೇಲು ಇಟ್ಟು ಇಳಿಯುತ್ತಿದ್ದೆ. ಅಕ್ಕ ನಾಲ್ಕನೇ ಹಾಳೆಯ ಕೊನೆಗೆ ಬಂದಳು. ಓದಿದಳು:

"ಮತ್ತು ಗುತ್ತಿಗೆದಾರರು ಜಾಗದ ಪೂರ್ವಕ್ಕಿರುವ ಹತ್ತು ಅಡಿ ಅಗಲದ ಓಣಿಯನ್ನು ಸಾರ್ವಜನಿಕರ ಕಾಲ್ನಡಿಗೆಗಾಗಿ ಸದಾಕಾಲ ತೆರೆದಿಡತಕ್ಕದ್ದು."

ನನ್ನ ಸ್ಕೇಲಿನ ಕೆಳಗೆ ಆ ಸಾಲು ಇರಲಿಲ್ಲ. ಚರಂಡಿಯ ಷರತ್ತಿನಿಂದ ನೇರವಾಗಿ ಬೇಲಿಯ ಷರತ್ತಿಗೆ ಹೋಗಿತ್ತು.

ಅಕ್ಕ ಎರಡು ಸಲ ಓದಿದಳು. "ಇದೆಯಲ್ಲೋ! ಇಲ್ಲೇ ಇದೆ! ಮತ್ತೆ ಯಾಕೆ ಮುಚ್ಚಿದ್ರು?" ಎಂದಳು. ನಾನು ಹೊಸ ಪತ್ರದ ಕೊನೆಯ ಪುಟ ತೆಗೆದೆ. ನಮ್ಮ ಫರ್ಮಿನ ಮುದ್ರೆ. "ಹೋಲಿಸಿ ನೋಡಲಾಗಿದೆ" ಎಂಬ ಬರಹದ ಕೆಳಗೆ ಎರಡು ಪುಟ್ಟ ಸಹಿ. ಒಂದು ನನ್ನದು, ಒಂದು ನಿನ್ನದು. ಮೂರು ವರ್ಷದ ಹಿಂದಿನ ನವೆಂಬರ್ ೧೨.

ಆ ದಿನ ಇಡೀ ಕಣ್ಣ ಮುಂದೆ ಬಂತು. ಮಧ್ಯಾಹ್ನ, ಕಿಟಕಿಯ ಬಿಸಿಲು ಮೇಜಿನ ಅರ್ಧಕ್ಕೆ ಬಂದಿತ್ತು. ನೀನು ನಾಲ್ಕನೇ ಹಾಳೆ ಓದುತ್ತಾ ಇದ್ದಕ್ಕಿದ್ದಂತೆ ನಿಲ್ಲಿಸಿದೆ. "ಸರ್, ಒಂದು ಮಾತು ಹೇಳಬೇಕು. ಪೆನ್ಸಿಲ್ ಕಾರ್ಖಾನೆಯವರು ಕರೀತಿದಾರೆ. ಅವರ ಕಾನೂನು ವಿಭಾಗಕ್ಕೆ. ನಾನು ಹೂಂ ಅಂದಿದೀನಿ." ನಾನು ಸ್ಕೇಲಿನಿಂದ ಕಣ್ಣೆತ್ತಲಿಲ್ಲ. ಆ ಊಳಿಗದ ಮಾತು ಆಗ ಆಡಿದ್ದು. ಆಮೇಲೆ "ಮುಂದೆ ಓದು" ಎಂದೆ. ನೀನು ಹಾಳೆ ಮಗುಚಿದೆ.

ನಾನು ಪೆನ್ಸಿಲ್ ತಟ್ಟಲಿಲ್ಲ. ಕೊನೆಯ ಸಾಲು ಕೇಳಲಿಲ್ಲ.

ಮೂವತ್ತೈದು ವರ್ಷದಲ್ಲಿ ಒಂದೇ ಒಂದು ಸಲ ಕೇಳಲಿಲ್ಲ. ಅಕ್ಕ ಲಾರಿ ರಸ್ತೆಯಲ್ಲಿ ನಡೆಯುತ್ತಿರುವುದು ಆ ಒಂದು ಸಲಕ್ಕೆ. ಟ್ಯಾಕ್ಸಿ ತರುತ್ತೇನೆ ಎಂದರೆ ಕೇಳುವುದಿಲ್ಲ. "ನಾನು ಕೆಲಸ ಮಾಡಿದ ಆಸ್ಪತ್ರೆಗೆ ರೋಗಿ ಥರ ಕಾರಲ್ಲಿ ಇಳೀಲಾ?" ಎನ್ನುತ್ತಾಳೆ. ಅವಳಿಗೆ ಇನ್ನೂ ಹೇಳಿಲ್ಲ, ಆ ಸಹಿ ಯಾರದೆಂದು.

ನಿನಗೆ ಇದು ಗೊತ್ತಿತ್ತೇ?

ನಿನ್ನ,
ಪೂರ್ಣವಿರಾಮ

*

ಏಪ್ರಿಲ್ ೩೦

ಸರ್,

ಗೊತ್ತಿತ್ತು.

ನಿಮ್ಮ ಮೊದಲ ಪತ್ರ ಬಂದ ಮಧ್ಯಾಹ್ನವೇ ಕಬ್ಬಿಣದ ಬೀರುವಿನಿಂದ ಹಳೆಯ ಗುತ್ತಿಗೆಯ ಮೂಲ ಪ್ರತಿ ತೆಗೆದೆ. ನಾಲ್ಕನೇ ಹಾಳೆಯ ಕೆಳತುದಿ ಒಳಕ್ಕೆ ಮಡಚಿಕೊಂಡಿತ್ತು, ಎರಡು ಬೆರಳಿನಷ್ಟು. ಟೈಪಿಸ್ಟಮ್ಮ ಅದನ್ನು ಬಿಡಿಸಿರಲಿಲ್ಲ. ನಾನೂ ಬಿಡಿಸಿರಲಿಲ್ಲ. ನೀವು ಕೊನೆಯ ಸಾಲು ಕೇಳಿದ್ದರೆ ಬಿಡಿಸುತ್ತಿದ್ದೆ. ಕೇಳದಿದ್ದರೂ ಬಿಡಿಸಬೇಕಿತ್ತು. ಹಾಳೆ ನನ್ನ ಕೈಯಲ್ಲಿತ್ತು, ನಿಮ್ಮ ಕೈಯಲ್ಲಲ್ಲ. ನೀವು ಇಡೀ ತಪ್ಪನ್ನು ಎತ್ತಿಕೊಂಡು ಹೋಗಲು ನಾನು ಬಿಡುವುದಿಲ್ಲ.

ಆ ಮಡಿಕೆಯನ್ನು ಬಿಡಿಸಿದಾಗ ಒಳಗಿನ ಕಾಗದ ಇನ್ನೂ ಬೆಳ್ಳಗಿತ್ತು. ಉಳಿದ ಹಾಳೆಯೆಲ್ಲ ಕಂದು. ಆ ಒಂದು ಸಾಲು ಮಾತ್ರ ನಿನ್ನೆ ಬರೆದ ಹಾಗೆ.

ಹಾಗಾದರೆ ಕಂಪನಿಯ ಪತ್ರಕ್ಕೆ ಹೇಗೆ ಸಹಿ ಹಾಕಿದೆ ಎಂದು ಕೇಳುತ್ತೀರಿ. ಅದರಲ್ಲಿ ಸುಳ್ಳಿಲ್ಲ. ಅಷ್ಟೇ ಅದರ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತು. ಮೇಲಿನವರಿಗೆ ನಾನು ಏನು ಸಲಹೆ ಕೊಟ್ಟೆ, ಅವರು ಏನಂದರು, ಇವನ್ನು ನಿಮಗೆ ಹೇಳುವಂತಿಲ್ಲ. ಕಕ್ಷಿದಾರನ ಮಾತು ಹೊರಗೆ ಬೀಳಬಾರದು ಎಂದು ಮೊದಲ ವಾರವೇ ಕಿವಿ ಹಿಂಡಿ ಕಲಿಸಿದವರು ನೀವು. ಫರ್ಮಿನಲ್ಲಾಗಿದ್ದರೆ ಒಂದು ಅಭಿಪ್ರಾಯ ಬರೆದು ಕೈತೊಳೆದುಕೊಳ್ಳುತ್ತಿದ್ದೆ. ಒಪ್ಪದಿದ್ದರೆ ಅವರ ಹಣೆಬರಹ ಎನ್ನುತ್ತಿದ್ದೆವು. ಇಲ್ಲಿ ಒಪ್ಪದವರ ಎದುರೇ ಮರುದಿನ ಊಟಕ್ಕೆ ಕೂರಬೇಕು.

ಹೇಳಬಹುದಾದದ್ದು ಇಷ್ಟು: ಈ ತಿಂಗಳು ನಾನು ಒಬ್ಬಳೇ ಊಟ ಮಾಡುತ್ತಿದ್ದೇನೆ. "ಮೇಡಂ, ಒಂದ್ ನಿಮಿಷ" ಎಂದು ಬಾಗಿಲಲ್ಲಿ ನಿಲ್ಲುವವರೂ ಕಡಿಮೆಯಾಗಿದ್ದಾರೆ. ಕತ್ತರಿಸುವ ವಿಭಾಗದ ಆ ಹೆಂಗಸು ಮಾತ್ರ ನಿನ್ನೆ ಬಂದು, "ಏನ್ ಮೇಡಂ, ನಿಮಗೂ ಧೂಳು ಹಿಡಿದಂಗಿದೆ" ಎಂದು ನಕ್ಕು ಹೋದರು.

ಸಂಜೆ ಹೊರಡುವಾಗ ಗೇಟಿನ ಮುಂದೆ ನಿಲ್ಲುತ್ತೇನೆ. ನಿಮಗೆ ನೆನಪಿರಬೇಕು, ಮಳೆ ನಿಂತ ಮೇಲೆ ಆ ಓಣಿಯಲ್ಲಿ ಕಟ್ಟಿಗೆಯ ವಾಸನೆ ಎಷ್ಟು ದಟ್ಟವಾಗಿರುತ್ತಿತ್ತು ಎಂದು. ಇಲ್ಲಿನ ಕೆಲಸ ಮುಗಿಸಿ ಫರ್ಮಿಗೆ ಮರಳುವಾಗ ನಾವು ಅದೇ ದಾರಿ ಹಿಡಿಯುತ್ತಿದ್ದೆವು. ಶಾಲೆ ಬಿಟ್ಟ ಮಕ್ಕಳು ಗೋಡೆಯ ಬುಡದಲ್ಲಿ ಕಾರ್ಖಾನೆ ಎಸೆದ ಸೊಟ್ಟ ಪೆನ್ಸಿಲ್ ಹುಡುಕುತ್ತಿದ್ದರು. ನೀವೂ ಒಮ್ಮೆ ಬಗ್ಗಿ ಒಂದನ್ನು ಎತ್ತಿಕೊಂಡಿರಿ, ಸೀನಿಯರ್ ವಕೀಲರು, ಕರಿಕೋಟಿನಲ್ಲಿ. ಸುತ್ತ ನೋಡಿ ಜೇಬಿಗೆ ಹಾಕಿಕೊಂಡಿರಿ. ನಾನು ನೋಡಲಿಲ್ಲ ಅಂದುಕೊಂಡಿರಿ.

ಒಂದು ಬೇಡಿಕೆ. ಓಣಿಯ ವಿಷಯವನ್ನು ಇನ್ನು ಈ ಖಾಸಗಿ ಪತ್ರಗಳಲ್ಲಿ ಬರೆಯಬೇಡಿ. ನಾನು ಕಂಪನಿಯವಳು. ನೀವು ಎದುರು ಕಡೆಯವರು. ಕೇಳುವುದಿದ್ದರೆ ಎಲ್ಲರ ಎದುರು ಕೇಳಿ.

ಇಂತಿ,
ಗಿಣಿ

*

ಮೇ ೨೯

ಗಿಣಿ,

ನಿನ್ನ ಬೇಡಿಕೆಯನ್ನು ಪಾಲಿಸುತ್ತಿದ್ದೇನೆ. ಇದು ಓಣಿಯ ಬಗ್ಗೆ ಅಲ್ಲ, ನನ್ನ ಬಗ್ಗೆ.

ಅಕ್ಕನಿಗೆ ಹೇಳಿದೆ. ಆಸ್ಪತ್ರೆಯಿಂದ ಬಂದು ಕಾಲು ಚಾಚಿ ಕೂತಿದ್ದಳು. ಈಗೀಗ ಬಂದ ಮೇಲೆ ಒಂದು ಗಂಟೆ ಮಾತೇ ಆಡುವುದಿಲ್ಲ. "ಆ ಸಾಲು ಬಿಟ್ಟವನು ನಾನೇ ಅಕ್ಕ" ಎಂದೆ. ಚಾಚಿದ ಕಾಲನ್ನು ಎಳೆದುಕೊಂಡು ನೆಟ್ಟಗೆ ಕೂತಳು. ಆಮೇಲೆ, "ಒಮ್ಮೆ ನಾನು ಒಬ್ಬ ರೋಗಿಗೆ ಪಕ್ಕದ ಹಾಸಿಗೆಯವನ ಮಾತ್ರೆ ಕೊಟ್ಟಿದ್ದೆ" ಎಂದಳು. ನನಗೆ ಗೊತ್ತಿರಲಿಲ್ಲ. "ಏನು ಮಾಡಿದೆ ಆಗ?" ಎಂದೆ. "ಏನ್ ಮಾಡ್ತಾರೆ? ಓಡಿ ಹೋಗಿ ಡಾಕ್ಟರಿಗೆ ಹೇಳಿದೆ, ಎಲ್ಲರ ಮುಂದೆ ಬೈಸಿಕೊಂಡೆ. ಅವನು ಬದುಕಿದ. ನೀನು ಇನ್ನೂ ಓಡಿಲ್ಲವಲ್ಲೋ, ಇಲ್ಲೇ ಕೂತಿದೀಯ!"

ಮರುದಿನ ಫರ್ಮಿಗೆ ಹೋದೆ. ನನ್ನ ಕುರ್ಚಿಯಲ್ಲಿ ಈಗ ಟೈ ಸಾಹೇಬರಿದ್ದಾರೆ, ನಿನ್ನ ಜೊತೆಯವರೇ, ಬೇಸಿಗೆಯಲ್ಲೂ ಟೈ ಬಿಚ್ಚದವರು. ಆದರದಿಂದಲೇ ಕೂರಿಸಿದರು. ನಮ್ಮಿಂದ ಒಂದು ತಪ್ಪಾಗಿದೆ, ಅದನ್ನು ಬರೆದು ಒಪ್ಪಿಕೊಳ್ಳಬೇಕು ಎಂದೆ. ಟೈ ಸಾಹೇಬರು ಬಾಗಿಲು ಹಾಕಿಕೊಂಡು ಬಂದರು.

"ಸರ್, ದಯವಿಟ್ಟು ಬರೆದು ಕೊಡಬೇಡಿ. ಆ ಜೋಡಿ ಓದು ಎಲ್ಲಾ ಈಗ ಬಿಟ್ಟಿದೀವಿ. ಕಂಪ್ಯೂಟರೇ ಹೋಲಿಸುತ್ತೆ."

"ಮಡಚಿದ ಹಾಳೆಯನ್ನೂ ಅದು ಬಿಡಿಸುತ್ತೇನಪ್ಪಾ?"

"ಸರ್, ಫರ್ಮಿನ ಹೆಸರು..."

"ಆ ಹೆಸರಿಗೆ ಮೂವತ್ತೈದು ವರ್ಷ ನಾನೂ ಪೆನ್ಸಿಲ್ ತಟ್ಟಿದೀನಿ."

ಎದ್ದು ಬರುವಾಗ ಮೂರನೇ ಮಹಡಿಗೆ ಹತ್ತಿದೆ. ಗ್ರಂಥಾಲಯದ ಪುಸ್ತಕಗಳು ರಟ್ಟಿನ ಪೆಟ್ಟಿಗೆಗಳಲ್ಲಿ. ಏಣಿ ಇಲ್ಲ. ನಮ್ಮ ಮೇಜನ್ನು ಗೋಡೆಗೆ ತಳ್ಳಿ ಅದರ ಮೇಲೆ ಪ್ರಿಂಟರು ಇಟ್ಟಿದ್ದಾರೆ. ನನ್ನ ಕಡೆಯ ಅಂಚು ಹೊರಕ್ಕೇ ಇತ್ತು. ಗುಳಿಗಳ ಮೇಲೆ ಬೆರಳಾಡಿಸಿದೆ. ನಿನ್ನ ಕಡೆ ಒಂದು ಟೀ ಲೋಟದ ಕಲೆ ಇದೆ, ನೋಡಿದ್ದೀಯ? ನೀನು ಓದುತ್ತಾ ಓದುತ್ತಾ ಮರೆತುಬಿಡುತ್ತಿದ್ದ ಟೀ. ಒಬ್ಬ ಹೊಸ ವಕೀಲೆ ಬಂದು "ಯಾರು ಬೇಕಿತ್ತು ಸರ್?" ಎಂದು ಕೇಳಿದಳು. ಯಾರೂ ಬೇಡಮ್ಮ ಎಂದು ಇಳಿದು ಬಂದೆ.

ಕಕ್ಷಿದಾರನ ಗುಟ್ಟು ನನ್ನದಲ್ಲ, ಅದನ್ನು ಹೇಳುವುದಿಲ್ಲ. ಆದರೆ ನನ್ನ ತಪ್ಪು ನನ್ನದು. ಅದನ್ನು ಹೇಳಿದರೆ ಅದರ ನೆರಳು ನಿನ್ನ ಕುರ್ಚಿಯ ಮೇಲೆ ಬೀಳುತ್ತದೆ. ಕಾನೂನು ವಿಭಾಗದ ಮುಖ್ಯಸ್ಥೆಯೇ ಸಾಲು ತಪ್ಪಿಸಿದವಳು ಎಂದರೆ ನಿನ್ನನ್ನು ಅಲ್ಲಿ ಉಳಿಸಿಕೊಳ್ಳುತ್ತಾರೆಯೇ? ಫ್ಯಾನುಗಳನ್ನು ಆಮೇಲೆ ಯಾರು ತಿರುಗಿಸುತ್ತಾರೆ? ನೀನು ಬೇಡ ಎಂದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತೇನೆ. ಹೇಳು.

ನಿನ್ನ,
ಪೂರ್ಣವಿರಾಮ

*

ಜೂನ್ ೫

ಸರ್,

ಓಣಿಯನ್ನು ಕಾಯಂ ಆಗಿ ಮುಚ್ಚಲು ಕಂಪನಿ ಪುರಸಭೆಗೆ ಅರ್ಜಿ ಹಾಕಿದೆ. ಜೂನ್ ೧೯ರಂದು ಬೆಳಗ್ಗೆ ಹತ್ತು ಗಂಟೆಗೆ ಪುರಸಭೆಯ ಸಭಾಂಗಣದಲ್ಲಿ ಬಹಿರಂಗ ವಿಚಾರಣೆ. ಇದು ಗುಟ್ಟಲ್ಲ, ನೋಟೀಸು ನಿನ್ನೆಯಿಂದ ಗೇಟಿನ ಮೇಲಿದೆ. ಕಂಪನಿಯ ಪರವಾಗಿ ಯಾರು ಹಾಜರಾಗುತ್ತಾರೆ ಎಂಬುದೂ ಅದರಲ್ಲೇ ಬರೆದಿದೆ. ಹೊರಗಿನ ಫರ್ಮಿನವರನ್ನು ಕರೆಯೋಣ ಎಂದಿದ್ದರು. ನಾನೇ ಹೋಗುತ್ತೇನೆ ಎಂದೆ.

ಪುರಸಭೆಯ ಎದುರು ನನ್ನನ್ನು ಯಾರಾದರೂ ಪ್ರಶ್ನೆ ಕೇಳಿದರೆ ನಾನು ಸುಳ್ಳು ಹೇಳಲಾರೆ. ಇದನ್ನು ಕಂಪನಿಗೆ ಬರೆದು ಕೊಟ್ಟಿದ್ದೇನೆ. ನಿಮಗೂ ಅದೇ ವಾಕ್ಯ.

ನಿಮ್ಮ ತಪ್ಪನ್ನು ನೀವು ಹೇಳಿ. ನನ್ನದನ್ನು ಮುಟ್ಟಬೇಡಿ, ಅದನ್ನು ನಾನೇ ಹೇಳುತ್ತೇನೆ. ನನ್ನ ಕುರ್ಚಿಯ ಚಿಂತೆ ನಿಮಗೆ ಬೇಡ. ಫ್ಯಾನುಗಳ ಆದೇಶ ಈಗ ಗೋಡೆಯ ಮೇಲಿದೆ, ನಾನು ಹೋದರೂ ಅದು ಹೋಗುವುದಿಲ್ಲ. ಹೋಗದ ಹಾಗೆ ಬರೆದಿದ್ದೇನೆ.

ಕಳೆದ ವಾರ ಕೋಣೆ ಒರೆಸುವಾಗ ನನ್ನ ಮೇಜಿನ ಅಂಚು ನೋಡಿದೆ. ಅಲ್ಲೂ ಸಣ್ಣ ಗುಳಿಗಳು ಬಿದ್ದಿವೆ, ಸರ್. ಇಲ್ಲಿ ಜೋಡಿ ಇಲ್ಲ, ಒಬ್ಬಳೇ ಓದಿಕೊಳ್ಳುತ್ತೇನೆ. ಆದರೂ ಹಾಳೆ ಮಗುಚುವಾಗ ತಟ್ಟುತ್ತೇನೆ.

ಇಂತಿ,
ಗಿಣಿ

*

ಜೂನ್ ೧೨

ಬಹಿರಂಗ ಪತ್ರ

(ಪತ್ರಿಕೆಯ ಸಂಪಾದಕರಿಗೆ. ಪುರಸಭೆಗೆ, ಪೆನ್ಸಿಲ್ ಕಾರ್ಖಾನೆಯ ಕಾನೂನು ವಿಭಾಗಕ್ಕೆ ಮತ್ತು ನನ್ನ ಹಳೆಯ ಫರ್ಮಿಗೆ ಒಂದೊಂದು ಪ್ರತಿ. ಇನ್ನೊಂದನ್ನು ಗೇಟಿನ ನೋಟೀಸಿನ ಪಕ್ಕದಲ್ಲಿ ನಾನೇ ಅಂಟಿಸಿದ್ದೇನೆ.)

ಮಾನ್ಯರೇ,

ಈ ಊರಿನ ಜನ ಐವತ್ತೆರಡು ವರ್ಷ ನಡೆದ ಒಂದು ಓಣಿ ಮೂರು ತಿಂಗಳಿಂದ ಬೀಗದ ಹಿಂದಿದೆ. ಅದು ಹೇಗಾಯಿತು ಎಂಬುದರಲ್ಲಿ ನನ್ನ ಪಾಲೂ ಇದೆ. ಅದನ್ನು ಮೊದಲು ಹೇಳುತ್ತೇನೆ.

ಗುತ್ತಿಗೆ ಪತ್ರವನ್ನು ನವೀಕರಿಸಿದಾಗ ಹಳೆಯದನ್ನು ಹೊಸದರೊಂದಿಗೆ ಹೋಲಿಸಿ ನೋಡುವ ಕೆಲಸ ನನ್ನದಾಗಿತ್ತು. ಪ್ರತಿ ಹಾಳೆಯ ಕೊನೆಯ ಸಾಲನ್ನು ಮತ್ತೊಮ್ಮೆ ಕೇಳುವುದು ನನ್ನ ಕರ್ತವ್ಯವಾಗಿತ್ತು. ಒಂದು ಹಾಳೆಯಲ್ಲಿ ಕೇಳಲಿಲ್ಲ. ನನ್ನ ಮನಸ್ಸು ಕಹಿಯಾಗಿತ್ತು, ಕಾರಣ ಸಣ್ಣದು, ನನ್ನದೇ. ಹಾಗೆ ಒಂದು ಸಾಲು ಹೊಸ ಪತ್ರಕ್ಕೆ ಬರಲಿಲ್ಲ. ಅದನ್ನು ಯಾರೂ ತೆಗೆದುಹಾಕಲಿಲ್ಲ, ಬೇಡವೆಂದು ಪುರಸಭೆ ಒಪ್ಪಲಿಲ್ಲ, ಜನರನ್ನು ಯಾರೂ ಕೇಳಲಿಲ್ಲ. ಅದು ಬಿಟ್ಟುಹೋಯಿತು, ಅಷ್ಟೇ. ಒಬ್ಬ ಮುದುಕನ ಸಿಡುಕಿನಿಂದ ಬಿಟ್ಟುಹೋದ ಸಾಲನ್ನು ಒಂದು ಕಾರ್ಖಾನೆ ತನ್ನ ಹಕ್ಕು ಎಂದು ಕರೆಯುತ್ತಿದೆ.

ನನ್ನ ಹಳೆಯ ಫರ್ಮು ಈ ವಿಷಯದಲ್ಲಿ ನನಗೆ ಮೌನದ ಸಲಹೆ ಕೊಟ್ಟಿತು. ಸಲಹೆಗೆ ವಂದನೆಗಳು. ಆ ಕಟ್ಟಡದಲ್ಲಿ ನಾನು ಕಲಿತದ್ದು ಗಟ್ಟಿಯಾಗಿ ಓದುವುದನ್ನು.

ನನ್ನ ಅಕ್ಕ ಈ ಪತ್ರ ಬರೆಯುವಾಗ ಪಕ್ಕದಲ್ಲೇ ಇದ್ದಾಳೆ. "ನಾನೂ ಬರ್ತೀನಿ ಅಂತ ಬರಿ. ಸುತ್ತು ಹಾಕ್ಕೊಂಡೇ ಬರ್ತೀನಿ. ಗೇಟು ತೆಗೆಯೋ ತನಕ ನಾನು ಎಲ್ಲೂ ಹೋಗಲ್ಲ ಅಂತಾನೂ ಬರಿ" ಎನ್ನುತ್ತಿದ್ದಾಳೆ. ಬರೆದಿದ್ದೇನೆ.

ಪುರಸಭೆಯವರೇ, ಜೂನ್ ಹತ್ತೊಂಬತ್ತರಂದು ವಾದಗಳನ್ನು ಕೇಳುವ ಮೊದಲು ಒಂದು ಕೆಲಸ ಮಾಡಿಸಿ. ಹಳೆಯ ಗುತ್ತಿಗೆ ಪತ್ರದ ಮೂಲ ಪ್ರತಿ ಕಾರ್ಖಾನೆಯ ಬಳಿ ಇರಬೇಕು, ಅದನ್ನು ಸಭೆಗೆ ತರಿಸಿ. ಕಂಪನಿಯ ಪರವಾಗಿ ಹಾಜರಾಗುವವರನ್ನು ಎದ್ದು ನಿಲ್ಲಿಸಿ, ಅದರ ನಾಲ್ಕನೇ ಹಾಳೆಯನ್ನು ಓದಲು ಹೇಳಿ. ಗಟ್ಟಿಯಾಗಿ, ಹಿಂದಿನ ಬೆಂಚಿನವರಿಗೂ ಕೇಳುವಂತೆ, ಮಡಿಕೆಗಳನ್ನೆಲ್ಲ ಬಿಡಿಸಿ. ಆಮೇಲೆ ಕಾರ್ಖಾನೆಯವರು ಎಲ್ಲರ ಎದುರು ಉತ್ತರ ಕೊಡಲಿ: ಇದನ್ನು ಓದಿದ ಮೇಲೂ ಆ ಬೀಗ ಯಾವ ಕಾಗದದ ಬಲದ ಮೇಲೆ ನಿಂತಿದೆ?

ನಾನು ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ. ಜೇಬಿನಲ್ಲಿ ಪೆನ್ಸಿಲ್ ಇರುತ್ತದೆ, ಅದೇ ಓಣಿಯಲ್ಲಿ ಹೆಕ್ಕಿದ್ದು. ಹಾಳೆ ಮಗುಚುವಾಗ ತಟ್ಟಿ ಕೇಳುತ್ತೇನೆ: ಕೊನೆಯ ಸಾಲು?

ಇಂತಿ,
ಅಂದು ಕೇಳದೆ ಹೋದವನು